ಗಾರೆ ಹಸಿಯಾಗಿದ್ದಾಗ

ಹಾಸ್ಟೆಲ್,
ಫೆಬ್ರವರಿ 11, ಭಾನುವಾರ

ಪ್ರೀತಿಯ ಅಪ್ಪ,

ಮೊದಲಿಗೇ ಸಾರಿ ಕೇಳುತ್ತೇನೆ. ಫೋನ್ ಇರುವಾಗ ಇವಳ್ಯಾಕೆ ಕಾಗದ ಬರೆದಳು, ಏನೋ ಎಡವಟ್ಟಾಗಿರಬೇಕು ಎಂದು ಗಾಬರಿ ಬೀಳಬೇಡ. ಫೇಲ್ ಆಗಿಲ್ಲ, ಜ್ವರವಿಲ್ಲ, ಯಾರ ಜೊತೆಗೂ ಜಗಳವಿಲ್ಲ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಹ್ಞಾಂ, ಬೇಗ ಹೇಳು, ಚೆಕ್‌ಪೋಸ್ಟ್ ಬಂತು" ಅನ್ನುತ್ತೀಯ. ನನಗೂ ಟೆನ್ಷನ್ ಆಗಿ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಇದನ್ನು ನಿನ್ನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹಾಕುತ್ತಿದ್ದೇನೆ. ಲೋಡ್ ಇಳಿಸುವಾಗ ಲಾರಿಯಲ್ಲೇ ಕೂತು ನಿಧಾನವಾಗಿ ಓದು. ಕನ್ನಡದಲ್ಲಿ ತಪ್ಪಿದ್ದರೆ ನಗಬೇಡ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲೇ ಬೈಸಿಕೊಂಡು ಬೆಳೆದವಳು ನಾನು.

ನಿನ್ನೆ ನಮ್ಮ ಕ್ಲಾಸನ್ನು ಸಮುದ್ರದ ದಡದ ಕೋಟೆಗೆ ಕರೆದುಕೊಂಡು ಹೋಗಿದ್ದರು. ಈಗ ಅದು ಮ್ಯೂಸಿಯಂ. ಅಪ್ಪ, ಹೇಗೆ ಹೇಳಲಿ! ಬಸ್ಸಿನಿಂದ ನೋಡಿದಾಗ ಬಂಡೆ ಅಂದುಕೊಂಡಿದ್ದೆ. ಹತ್ತಿರ ಹೋದಂತೆ ಆ ಬಂಡೆಯಲ್ಲಿ ಕಿಂಡಿಗಳು ಕಾಣಿಸಿದವು. ಬಾಗಿಲು ದಾಟಬೇಕಾದರೆ ನಮ್ಮ ಬಸ್ಸಿನಷ್ಟು ದಪ್ಪದ ಗೋಡೆಯೊಳಗೆ ನಡೆಯಬೇಕು. ಆಚೆ ಅಲೆ ಬಡಿದರೆ ಗೋಡೆ ಅಲುಗುವುದಿಲ್ಲ, ಆದರೆ ಅಂಗೈಯಿಟ್ಟರೆ ಒಳಗೆಲ್ಲೋ ಗುಡುಗಿದ್ದು ಗೊತ್ತಾಗುತ್ತದೆ, ಓಡುತ್ತಿರುವ ನಿನ್ನ ಲಾರಿಯ ಬಾನೆಟ್ ಮುಟ್ಟಿದ ಹಾಗೆ. ಬಸ್ಸಿನಲ್ಲಿ ಕಿವಿ ಹರಿಯುವಂತೆ ಕಿರುಚುತ್ತಿದ್ದವರೆಲ್ಲ ಅಲ್ಲಿ ಕಾಲಿಟ್ಟದ್ದೇ ಗಪ್‌ಚಿಪ್. ನನ್ನ ರೂಮ್‌ಮೇಟ್ ಗುಬ್ಬಿ ನನ್ನ ತೋಳು ಹಿಡಿದುಕೊಂಡು, "ಲೇ, ಇಲ್ಲಿ ಉಸಿರಾಡೋಕೂ ಪರ್ಮಿಷನ್ ಕೇಳ್ಬೇಕೇನೋ ಅನ್ಸತ್ತೆ ಕಣೆ" ಎಂದು ಪಿಸುಗುಟ್ಟಿದಳು.

ಒಬ್ಬೊಬ್ಬರೂ ಒಂದೊಂದು ವಸ್ತುವಿನ ಮೇಲೆ ಅಸೈನ್‌ಮೆಂಟ್ ಬರೆಯಬೇಕು ಎಂದರು ಹಿಸ್ಟರಿ ಸರ್. ನನಗೋ ಯಾವುದನ್ನು ಆರಿಸಿದರೂ ತಪ್ಪಾದೀತು ಎಂಬ ಭಯ. ನಾನು ಲೆಕ್ಕಾಚಾರ ಹಾಕುವಷ್ಟರಲ್ಲಿ ಫಿರಂಗಿ, ಲಂಗರು, ಕತ್ತಿ ಎಲ್ಲವನ್ನೂ ಉಳಿದವರು ಬುಕ್ ಮಾಡಿಬಿಟ್ಟಿದ್ದರು. ಪೆಚ್ಚುಮೋರೆ ಹಾಕಿಕೊಂಡು ಮೂಲೆಯ ಹಳೇ ಉಗ್ರಾಣಕ್ಕೆ ಹೋದೆ. ಅಲ್ಲಿ ಏನೂ ಇರಲಿಲ್ಲ. ನಾಲ್ಕು ಗೋಡೆ, ಗಾರೆ ನೆಲ, ನೆಲಕ್ಕೆ ಅಡ್ಡವಾಗಿ ಒಂದು ಹಗ್ಗ. ಬಾಗಿಲಲ್ಲಿ ಕೂತಿದ್ದ ಗೈಡ್ ಮೇಡಂ ನನ್ನ ಮುಖ ನೋಡಿ, "ಖಾಲಿ ರೂಮು ಅಂತ ವಾಪಸ್ ಹೋಗ್ಬೇಡಮ್ಮ, ಬಗ್ಗಿ ನೋಡು" ಎಂದು ಟಾರ್ಚನ್ನು ನೆಲಕ್ಕೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟರು.

ನೆಲದಿಂದ ಪುಟ್ಟ ಪುಟ್ಟ ಪಾದಗಳು ಎದ್ದುಬಂದವು ಅಪ್ಪ! ಶತಮಾನಗಳ ಹಿಂದೆ, ಗಾರೆ ಇನ್ನೂ ಹಸಿಯಾಗಿದ್ದಾಗ, ಯಾವುದೋ ಮಗು ಅದರ ಮೇಲೆ ನಡೆದಿದೆ. ಬೆರಳುಗಳೆಲ್ಲ ಸ್ಪಷ್ಟ. ಬಾಗಿಲಿನಿಂದ ಕುಣಿಯುತ್ತ ಉಗ್ರಾಣದ ಮಧ್ಯಕ್ಕೆ ಬಂದು ಎರಡೂ ಪಾದ ಜೋಡಿಸಿ ನಿಂತಿದೆ. ಅಷ್ಟೇ. ಅಲ್ಲಿಂದ ಮುಂದಕ್ಕೂ ಹೆಜ್ಜೆಯಿಲ್ಲ, ಹಿಂದಕ್ಕೂ ಇಲ್ಲ.

"ಮಗು ಎಲ್ಲಿ ಹೋಯ್ತು ಮೇಡಂ?"

"ಬಂದೋರೆಲ್ಲ ಇದನ್ನೇ ಕೇಳ್ತಾರೆ. ಈ ಕಡೆ ನೋಡು" ಎಂದು ಅವರು ಟಾರ್ಚ್ ತಿರುಗಿಸಿದರು. ಬಾಗಿಲಿನಿಂದ ಮಗುವಿನವರೆಗೆ ದೊಡ್ಡ ಹೆಜ್ಜೆಗಳು, ದಾಪುಗಾಲಿನವು. ಅವೇ ಪಾದಗಳು ತಿರುಗಿ ಬಾಗಿಲಿಗೆ ಹೋಗಿವೆ, ಆದರೆ ಹೋಗುವಾಗ ಗುರುತು ಇನ್ನೂ ಆಳ.

"ಭಾರ ಜಾಸ್ತಿ ಆಯ್ತಲ್ಲ, ಎತ್ಕೊಂಡಿದ್ದಾರೆ" ಅಂದರು.

"ಯಾರು? ಅಪ್ಪನಾ, ಅಮ್ಮನಾ?"

"ಯಾರಿಗೆ ಗೊತ್ತು? ನೆಲ ಬಳಿದವನೇ ಇದ್ರೂ ಇರ್ಬಹುದು. ಬಾಗಿಲಲ್ಲೇ ನಿಂತು ಬಾ ಬಾ ಅಂತ ಕರೆದಿದ್ರೆ ಆಗ್ತಿತ್ತು. ಮಗು ಹೆದರಿ ನಿಂತುಬಿಟ್ಟಿತ್ತೋ ಏನೋ."

ಹೊರಗೆ ಅಷ್ಟೆತ್ತರದ ಗೋಡೆಗೆ ಬೆರಗಾಗಿ ಕತ್ತೆತ್ತಿ ನಿಂತಿದ್ದವಳು ಇಲ್ಲಿ ಮಂಡಿಯೂರಿ ಕುಳಿತುಬಿಟ್ಟೆ. ಆಗಷ್ಟೇ ಬಳಿದ ನೆಲ ಹಾಳಾಗುತ್ತದೆಂದು ಗೊತ್ತಿದ್ದೂ ಒಬ್ಬರು ಒಳಗೆ ಬಂದಿದ್ದಾರೆ. ಆಮೇಲೂ ಯಾರೂ ಆ ಗುರುತುಗಳನ್ನು ಸವರಿ ಅಳಿಸಿಲ್ಲ. ಹಡಗುಗಳನ್ನೇ ಹೆದರಿಸಲು ಕಟ್ಟಿದ ಕೋಟೆಯೊಳಗೆ ಇಂಥದ್ದೊಂದು ಉಳಿದಿದೆ! ಬಸ್ ಹೊರಟಿತು ಎಂದು ಹುಡುಕಿಕೊಂಡು ಬಂದ ಗುಬ್ಬಿ, "ಖಾಲಿ ನೆಲ ನೋಡ್ಕೊಂಡು ಅಳ್ತಿದ್ದೀಯಲ್ಲೇ, ಅಸೈನ್‌ಮೆಂಟ್ ಅಷ್ಟೊಂದು ಕಷ್ಟನಾ?" ಅಂದಳು. ಕಣ್ಣಿಗೆ ಧೂಳು ಬಿತ್ತು ಅಂದೆ.

ಅತ್ತೆಗೆ ನಮಸ್ಕಾರ ಹೇಳು. ಕಣ್ಣೆಳೆದರೆ ಲಾರಿ ಬದಿಗೆ ಹಾಕಿ ಮಲಗು, ಬೀಡಿ ಸೇದಿ ಎಚ್ಚರವಿರಬೇಡ. ಅಸೈನ್‌ಮೆಂಟ್ ಚೆನ್ನಾಗಿ ಬರಲಿ ಎಂದು ಆಶೀರ್ವಾದ ಮಾಡು.

ನಿನ್ನ ಪಕ್ಕದ ಸೀಟಿನ
ಕ್ಲೀನರ್
(ಆ ಸೀಟು ಈಗಲೂ ನನ್ನದೇ ತಾನೇ?)

ವಿ.ಸೂ.: ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ, ಧೈರ್ಯ ಸಾಲದೆ ಕೊನೆಗೆ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಹಾಸ್ಟೆಲಿಗೆ ಬಿಟ್ಟೆಯಲ್ಲ, ಆವತ್ತು ನೀನು ಇಂಜಿನ್ ಆಫ್ ಮಾಡಲಿಲ್ಲ. ಗೇಟಿನಲ್ಲೇ ಟ್ರಂಕ್ ಇಳಿಸಿ ಹೊರಟೆ. ಲಾರಿಯ ಸದ್ದು ಅಡಗಿ ಎಷ್ಟೋ ಹೊತ್ತಾದರೂ ನಾನು ಅಂಗಳದ ಮಧ್ಯದಲ್ಲೇ ನಿಂತಿದ್ದೆ. ಕಾಲು ಏಳಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಯಾವ ಹಾಸ್ಟೆಲಿನಲ್ಲೂ ನೀನು ಗೇಟು ದಾಟಿ ಬಂದಿಲ್ಲ. ಕರೆದರೆ "ಚಪ್ಪಲಿ ತುಂಬ ಗ್ರೀಸು ಕಣಮ್ಮ, ನಿಮ್ಮ ನೆಲ ಗಲೀಜಾಗತ್ತೆ" ಅನ್ನುತ್ತೀಯ. ನಾನು ಮಲಗುವ ಮಂಚ ಹೇಗಿದೆ ಎಂದು ನೀನು ನೋಡೇ ಇಲ್ಲ.

ಈ ತಿಂಗಳ ಕೊನೆಯ ಭಾನುವಾರ ಇಲ್ಲಿ ಪೇರೆಂಟ್ಸ್ ಡೇ. ಬರುವವರು ಯಾರೆಂದು ಇಪ್ಪತ್ತನೇ ತಾರೀಖಿನೊಳಗೆ ವಾರ್ಡನ್‌ಗೆ ಹೇಳಬೇಕು. ಸ್ಕೂಲಿನಲ್ಲಿದ್ದಾಗ ಪ್ರತಿ ಸಲ "ಅಪ್ಪಂಗೆ ಟೈಮಿಲ್ಲ ಮಿಸ್" ಅಂದಿದ್ದೇನೆ. ಈ ಸಲ ಅಪ್ಪ ಬರ್ತಾರೆ ಅನ್ನಲಾ? ಅದೇ ಚಪ್ಪಲಿಯಲ್ಲಿ ಬಾ. ಲಾರಿಯನ್ನು ಕಾಂಪೌಂಡಿನ ಪಕ್ಕಕ್ಕೆ ರಿವರ್ಸ್ ತೆಗೆ, ಚಿಕ್ಕವಳಿದ್ದಾಗಿನ ಹಾಗೆ ನಾನು ಹಿಂದೆ ನಿಂತು "ಬರ್ಲಿ, ಬರ್ಲಿ" ಅಂತೀನಿ. ಇಂಜಿನ್ ಆಫ್ ಮಾಡು. ಆಮೇಲೆ ಒಳಗೆ ಬಾ.

ಕಾಗದ ಸಿಕ್ಕಿದ ಕೂಡಲೇ ಉತ್ತರ ಕೊಡು.