ಟಿಕ್ ಟಿಕ್ ಎದೆ, ಕರಡಿಯಜ್ಜನ ನಗು

ಮಾರ್ಚ್ 4, ಬೆಳಗ್ಗೆ

ಮತ್ತೆ ನಕ್ಕು ನೋಡಿದೆ. ಕರಡಿಯಜ್ಜನ ನಗು. ಮಕ್ಕಳ ಕಾರ್ಟೂನಿನಲ್ಲಿ ಅಜ್ಜನಿಗೆ ದನಿ ನನ್ನದು. ಆ ನಗು ಒಂದೇ ಉಸಿರಿಗೆ ಮುಗಿಯಬೇಕು. ಅರ್ಧಕ್ಕೇ ಏದುಸಿರು. ಅಡುಗೆಮನೆಯಿಂದ ಹೆಂಡತಿ: "ಪಾಪ, ಅಜ್ಜ ಇನ್ನೂ ಸ್ವಲ್ಪ ದಿನ ಮಲಗ್ಲಿ ಬಿಡಿ!"

ಹೃದಯದ ವಾಲ್ವ್ ಹೊಸದು, ಕೃತಕದ್ದು. ಟಿಕ್ ಟಿಕ್ ಅನ್ನುತ್ತದೆ. ಆದರೆ ಹಳೆಯದು ಸೋರುತ್ತಿದ್ದಷ್ಟು ಕಾಲ ದುಡಿದು ದುಡಿದು ಹೃದಯ ಸೋತಿದೆ. ಪಂಪಿಂಗ್ ನಲವತ್ತು ಪರ್ಸೆಂಟ್. ಐವತ್ತು ದಾಟಬೇಕಂತೆ. ಡಾಕ್ಟರಮ್ಮ ಹೇಳಿದ್ದು: "ರಿಪೇರಿ ನಾವು ಮಾಡಿದೀವಿ. ಚೇತರಿಸ್ಕೊಳ್ಳೋದು ಅದರ ಕೆಲಸ. ಮೂರು ತಿಂಗಳು ಬಿಟ್ಟು ಎಕೋ ಸ್ಕ್ಯಾನ್ ಮಾಡಿ ನೋಡೋಣ."

ಸ್ಟುಡಿಯೋದವರು ಜೂನ್‌ವರೆಗೆ ಕಾಯುತ್ತಾರೆ. ಆಮೇಲೆ ಅಜ್ಜನಿಗೆ ಬೇರೆ ಗಂಟಲು. ನೆನೆದರೇ ಸಂಕಟ.

ಮಾರ್ಚ್ 19

ವಾಲ್ವಿನ ಸದ್ದಿಗೆ ಹೆಂಡತಿಗೆ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಈಗ ಸದ್ದು ಕೇಳಿಸದಿದ್ದರೆ ಬರುವುದಿಲ್ಲ. ಸ್ನಾನಕ್ಕೆ ಹೋಗಿ ತುಸು ಹೊತ್ತಾದರೆ ಬಾಗಿಲು ಬಡಿಯುತ್ತಾಳೆ.

"ನಡೀತಿದೆಯಾ?"

"ನಡೀತಿದೆ ಕಣೇ!"

ಏಪ್ರಿಲ್ 27

ಬರೆದು ತಿಂಗಳಾಯಿತು. ವಾಕಿಂಗ್, ಮಾತ್ರೆ, ರಕ್ತ ಪರೀಕ್ಷೆ... ಬರೆಯಲು ಏನಿದೆ? ಇವತ್ತು ಮಹಡಿ ಹತ್ತಿದೆ, ನಡುವೆ ಎಲ್ಲೂ ನಿಲ್ಲದೆ. ಮೇಲಿನಿಂದಲೇ ಕೂಗಿ ಹೇಳಿದೆ. "ಕೈಬೀಸ್ಕೊಂಡು ಹತ್ತಿದ್ರೆ ಆಯ್ತಾ? ಒಣಗಿದ ಬಟ್ಟೆ ತನ್ನಿ!" ಎಂದಳು. ದನಿಯಲ್ಲಿ ಖುಷಿ ಇತ್ತು.

ಜೂನ್ 2, ಮಧ್ಯಾಹ್ನ

ಎಕೋ ಆಯಿತು. ಎದೆಗೆ ತಣ್ಣನೆಯ ಜೆಲ್. ಡಾಕ್ಟರಮ್ಮ ಪರದೆ ನೋಡುತ್ತಾರೆ. ನಾನು ಅವರ ಮುಖ ನೋಡುತ್ತಿದ್ದೆ.

"ಐವತ್ತೈದು," ಎಂದರು ಕೊನೆಗೆ. "ಹಿಗ್ಗಿದ್ದ ಹೃದಯಾನೂ ಕುಗ್ಗಿದೆ. ಕೆಲಸಕ್ಕೆ ಹೋಗಿ."

ಹೃದಯ ಕುಗ್ಗಿತೆಂದು ಹಿಗ್ಗಿದ ಮನುಷ್ಯ ನಾನೊಬ್ಬನೇ ಇರಬೇಕು. ಹೆಂಡತಿ ಹೊರಗೆ ಬೆಂಚಿನ ಮೇಲೆ ಅತ್ತುಬಿಟ್ಟಳು. ನಾನೂ.

ಜೂನ್ 4

ಸ್ಟುಡಿಯೋ. ರೆಕಾರ್ಡಿಸ್ಟ್ ಹೆಡ್‌ಫೋನ್ ಹಾಕಿ ಹುಬ್ಬು ಗಂಟಿಕ್ಕಿದ. ಏನೋ ಟಿಕ್ ಟಿಕ್ ಬರುತ್ತಿದೆಯಂತೆ. ಗೋಡೆ ಗಡಿಯಾರ ಹೊರಗೆ ಹೋಯಿತು. ಎಸಿ ಬಂದ್. ನಿರ್ದೇಶಕಿಯ ವಾಚನ್ನೂ ಬಿಚ್ಚಿಸಿದ. ಮೇಜಿನಡಿ ತೆವಳತೊಡಗಿದಾಗ ನನಗೆ ತಡೆಯಲಾಗಲಿಲ್ಲ.

"ಹುಡುಕ್ಬೇಡಪ್ಪ, ಕಳ್ಳ ಇಲ್ಲಿದ್ದಾನೆ," ಎಂದು ಎದೆ ತೋರಿಸಿದೆ.

ಎಲ್ಲರೂ ನಕ್ಕರು. ನನಗೆ ಮಾತ್ರ ಭಯ — ಹೃದಯ ಪಾಸಾಗಿ ಸದ್ದಿನಿಂದ ಫೇಲಾದರೆ? ರೆಕಾರ್ಡಿಸ್ಟ್ ಹೆಡ್‌ಫೋನಿಗೆ ಕಿವಿಗೊಟ್ಟು ಮತ್ತೆ ಮತ್ತೆ ಕೇಳಿಸಿಕೊಂಡ.

"ಸಾರ್, ನೀವು ಸುಮ್ಮನಿದ್ರೆ ಮಾತ್ರ ಕೇಳ್ಸುತ್ತೆ. ಆ ಜಾಗ ನಾನು ಕತ್ತರಿಸ್ತೀನಿ. ನೀವು ಮಾತಾಡ್ತಾನೇ ಇರಿ."

ಮನೆಗೆ ಫೋನ್ ಮಾಡಿ ಹೇಳಿದೆ. "ಅದನ್ನ ನಿಮಗೆ ಹೇಳ್ಕೊಡ್ಬೇಕಾ?" ಎಂದಳು.

ಅದೇ ದಿನ, ಸಂಜೆ

ನಕ್ಕೆ! ಒಂದೇ ಉಸಿರು. ನಗು ಮುಗಿದರೂ ಉಸಿರು ಉಳಿದಿತ್ತು. ಗಾಜಿನಾಚೆ ನಿರ್ದೇಶಕಿ ಎದ್ದು ನಿಂತರು. ಕಣ್ಣು ಮಂಜಾಯಿತು, ಸುಳ್ಳೇಕೆ ಹೇಳಲಿ. ರೆಕಾರ್ಡಿಸ್ಟ್ ಮಾತ್ರ ಮುಖ ಹುಳ್ಳಗೆ ಮಾಡಿಕೊಂಡು ಬಂದ.

"ಸಾರ್... ನಗು ಕೇಳ್ತಾ ಕೇಳ್ತಾ ರೆಕಾರ್ಡ್ ಒತ್ತೋದೇ ಮರೆತೆ. ಇನ್ನೊಂದ್ಸಲ ಆಗುತ್ತಾ?"

ಮೈಕ್ ಸರಿಮಾಡುತ್ತಿದ್ದಾನೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಆಗುತ್ತಾ ಅಂತೆ! ಇನ್ನೊಂದು ಸಲವೇನು, ಹತ್ತು ಸಲ ಬೇಕಾದರೂ—