ಕೌದಿಯ ಹೊಟ್ಟೆಗೆ ಏನು ಹಾಕಲಿ

ಸೂರಿನೂರು,
ಸೂರು ಕಟ್ಟಿದ ಇನ್ನೂರನೇ ವರ್ಷ, ಎರಡನೇ ಬೇಸಿಗೆ, ಹದಿಮೂರನೇ ತಿಂಗಳು.

ಆಯಿ ನೀಲಗಂಗವ್ವ,

ಕೌದಿಯ ಮೂಲೆಯಲ್ಲಿ ನೀನೇ ದಾರದಿಂದ ಹೊಲಿದಿಟ್ಟ ಹೆಸರು ನೋಡಿ ಹೀಗೆ ಕರೆಯುತ್ತಿದ್ದೇನೆ. ನಾನು ಸಂಕವ್ವ. ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳೂ ಹೋಗಿ ಎಷ್ಟೋ ಕಾಲವಾದ ಮೇಲೆ ಹುಟ್ಟಿದವಳು. ನಿನಗೆ ತಿಳಿಯದ ಪದಗಳು ಬಂದರೆ ಸಿಟ್ಟಾಗಬೇಡ, ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಹಿಂದಿನವರಿಗೆ ಕಾಗದ ಬರೆಯುವುದು ಹುಚ್ಚೆಂದು ನನಗೂ ಗೊತ್ತು. ಆದರೆ ಕೌದಿಯ ವಿಷಯ ಮಾತಾಡಲು ಈ ಊರಿನಲ್ಲಿ ನನಗೆ ಬೇರೆ ಯಾರೂ ಉಳಿದಿಲ್ಲ.

ಸೂರು ಅಂದರೆ ಇಡೀ ಊರಿಗೆ ಒಂದೇ ಚಾವಣಿ. ಅದರಾಚೆಯ ಬಿಸಿಲಿಗೆ ಹೋದವರು ತಿರುಗಿ ಬಂದಿಲ್ಲ. ನಾವು ತಿನ್ನುವುದು ಪಾಚಿರೊಟ್ಟಿ, ತೊಟ್ಟಿಯಲ್ಲಿ ಬೆಳೆದ ಪಾಚಿಯನ್ನು ಒಣಗಿಸಿ ಬಡಿದದ್ದು. ರುಚಿ ಮಾತ್ರ ಕೇಳಬೇಡ, ಬಾಯಿಗೆ ಬಂದದ್ದು ಅಂದುಬಿಟ್ಟೇನು. ಉಡುವುದು ಕರಗುಡುಗೆ. ತಿಂಗಳಿಗೊಮ್ಮೆ ಎಲ್ಲರೂ ಮೈಮೇಲಿನದನ್ನು ಬಿಚ್ಚಿ ನುಂಗುತೊಟ್ಟಿಗೆ ಹಾಕಬೇಕು. ಅದೆಲ್ಲ ಅಲ್ಲಿ ಗಂಜಿಯಂತೆ ಕರಗಿ ಹೊಸ ಉಡುಗೆಯಾಗಿ ಬರುತ್ತದೆ. ಯಾರದ್ದು ಯಾರ ಮೈಮೇಲೋ! ಅಜ್ಜಿಯ ಸೀರೆ, ಅಪ್ಪನ ಧೋತರ ಎಂಬ ಮಾತೇ ಇಲ್ಲಿಲ್ಲ. ಹಳೆ ಅರಿವೆಯೇ ಇಲ್ಲದ ಮೇಲೆ ಹೊಸ ಕೌದಿ ಎಲ್ಲಿಂದ ಬರಬೇಕು? ಹಿಂದಿನಿಂದ ಬಂದವು ಕೆಲವು ಮನೆಗಳಲ್ಲಿ ಉಳಿದಿದ್ದವು, ಅಷ್ಟೇ.

ನಮ್ಮ ಮನೆಯಲ್ಲಿ ಉಳಿದದ್ದು ನಿನ್ನದು. ನನ್ನ ಮಗಳು ಚಿಗರಿ ಅದರ ಮೇಲೇ ಬೆಳೆದಳು. ನೀನು ಹೂವು ಬಳ್ಳಿ ಹಚ್ಚಿದವಳಲ್ಲ, ನಿನ್ನ ಬಾಳನ್ನೇ ತುಂಡುತುಂಡಾಗಿ ಹಚ್ಚಿದವಳು. ಒಂದು ಅಂಚಿಗೆ ಹಳದಿ ಚೌಕಗಳ ಸಾಲು. ಅದು ಮದುವೆಯಿರಬೇಕು ಅಂದುಕೊಂಡೆವು. ಆಮೇಲೆ ನೀಲಿ ಪಟ್ಟಿಗಳು ಬರಬರುತ್ತಾ ಸಣ್ಣಗಾಗಿ, ಕರಿ ಸೀರೆಯ ದೊಡ್ಡ ತುಂಡಿನೊಳಗೆ ಸೇರಿಹೋಗುತ್ತವೆ. ಅಂಚಿನಿಂದ ಹೊರಟ ಒಂದು ಕೆಂಪು ದಾರಿ ಆ ಕರಿ ತುಂಡಿನ ನಡುವೆ ಬಂದು ತಟಕ್ಕನೆ ನಿಲ್ಲುತ್ತದೆ. ಚಿಗರಿ ಅದರ ಮೇಲೆ ಬೆರಳಾಡಿಸುತ್ತಾ, "ಯವ್ವಾ, ಈ ದಾರಿ ಮುಂದ ಎಲ್ಲಿಗೆ ಹೋಗತೈತಿ? ಅಕಿ ಹೊಲಿಯೂದು ಯಾಕ ಬಿಟ್ಟಾಳ?" ಎಂದು ಕೇಳುತ್ತಿದ್ದಳು. ದಾರ ತೀರಿರಬೇಕು ಬಿಡು ಅನ್ನುತ್ತಿದ್ದೆ.

ಆಮೇಲೆ ಬೀಜಮನೆಯವರಿಗೆ ಬುದ್ಧಿ ಬಂತು. ಬೀಜಮನೆ ಅಂದರೆ ಕಾಳು ಮೊಳೆಸಲು ಹೆಣಗುವ ಹಿರಿಯರ ಕೂಟ. ಕೌದಿ ಮುಗಿಸುವಾಗ ನೀವು ನಡುವೆ ಗೇಣಗಲ ಬಾಯಿ ಬಿಟ್ಟು, ಅದರ ಹೊಟ್ಟೆ ಹಸಿದಿರಬಾರದೆಂದು ಹಿಡಿ ಜೋಳ ಹಾಕಿ ಮುಚ್ಚುತ್ತಿದ್ದಿರಂತಲ್ಲ, ಅದು ಅವರ ಕಿವಿಗೆ ಬಿತ್ತು. ಕತ್ತರಿ ಹಿಡಿದು ಮನೆಮನೆ ಹೊಕ್ಕರು. ಕಂಡ ಕೌದಿಗಳನ್ನೆಲ್ಲ ಸೀಳಿದರು. ಕಾಳೇನೋ ಸಿಕ್ಕವು. ನೆನೆಹಾಕಿದರು, ಕಾವು ಕೊಟ್ಟರು, ಕೈಮುಗಿದರು, ಒಂದೂ ಮೊಳೆಯಲಿಲ್ಲ. ಅಷ್ಟು ಹಳೆಯ ಕಾಳು ಮೊಳೆಯುತ್ತದೆಯೇ? ಅದು ತಿಳಿಯದೆ ಎಷ್ಟು ಹೆಂಗಸರ ಬಾಳನ್ನು ಕತ್ತರಿಸಿ ತೊಟ್ಟಿಗೆ ಸುರಿದರೋ! ಅವರ ಬಾಯಿಗೆ ಮಣ್ಣು ಬೀಳಲಿ ಎಂದು ಶಪಿಸೋಣವೆಂದರೆ ಇಲ್ಲಿ ಮಣ್ಣಿಗೂ ಗತಿಯಿಲ್ಲ.

ನಮ್ಮದು ಚಿಗರಿಯ ಮೈಕೆಳಗಿತ್ತು. ಜ್ವರದಲ್ಲಿ ಮಲಗಿದ ಕೂಸನ್ನು ಎಬ್ಬಿಸಲು ಅವರಿಗೂ ಮನಸ್ಸು ಬರಲಿಲ್ಲ. ಆಮೇಲೆ ಚಿಗರಿ ಹೋಗಿಬಿಟ್ಟಳು, ಆಯಿ. ಮೈ ಆರುವ ಮೊದಲೇ ಅವಳ ಉಡುಗೆ ಕಳಚಿ, ಕೂದಲು ಬೋಳಿಸಿ ಎರಡನ್ನೂ ನುಂಗುತೊಟ್ಟಿಗೊಯ್ದರು, ಕಟ್ಟಳೆ ಹಾಗಿದೆ. ಜ್ವರ ಹರಡಬಾರದೆಂದು ಕೌದಿಗೆ ನಂಜುಹೊಗೆ ಹಾಕಿದರು, ಅವಳ ಬೆವರಿನ ವಾಸನೆಯೂ ಹೋಯಿತು. ನಾನೀಗ ಉಟ್ಟಿರುವುದರಲ್ಲಿ ಅವಳದೊಂದು ಎಳೆ ಇರಬಹುದು, ಎದುರುಮನೆಯವನ ಮೈಮೇಲೂ ಇರಬಹುದು. ಮೂಸಿ ಮೂಸಿ ನೋಡುತ್ತೇನೆ. ಬರೀ ತೊಟ್ಟಿಯ ನಾತ.

ಬೀಜಮನೆಯ ಹಿರಿಯನೊಬ್ಬ ಮತ್ತೆ ಬಂದ. ನಿನ್ನ ಹೊಲಿಗೆಗೆ ಕತ್ತರಿ ಮುಟ್ಟಿಸಗೊಡಲಿಲ್ಲ. ನಾನೇ ಕೂತು ಸೂಜಿಯಿಂದ ಒಂದೊಂದೇ ಎಳೆ ಬಿಚ್ಚಿದೆ. ಕೆಂಪು ದಾರಿ ನಿಂತಲ್ಲೇ ಹೊಟ್ಟೆಯ ಬಾಯಿತ್ತು. ಒಳಗೆ ಕಾಳಿರಲಿಲ್ಲ. ನನ್ನ ಎರಡು ಅಂಗೈಯಗಲದ ಒಂದು ಕೂಸಿನ ಅಂಗಿಯಿತ್ತು, ಕೊರಳ ಹತ್ತಿರ ಹಾಲಿನ ಕಲೆ. "ಕಾಳಿಲ್ಲ ಬಿಡ್ರಿ, ಬರೇ ಅರಿವಿ" ಎಂದು ಅವನು ಎದ್ದುಹೋದ. ನಿಮ್ಮ ಕಾಲದಲ್ಲಿ ಬೆಳೆದ ಕೂಸಿನ ಅಂಗಿಯನ್ನು ಮುಂದಿನ ಕೂಸಿಗೆ ತೊಡಿಸುತ್ತಿದ್ದರು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಹೀಗೆ ಹೊಲಿದು ಮುಚ್ಚುತ್ತಿರಲಿಲ್ಲ. ಚಿಗರಿ ಕೇಳಿದ ದಾರಿ ಎಲ್ಲಿಗೆ ಹೋಗಿತ್ತೆಂದು ಆಗ ಗೊತ್ತಾಯಿತು. ಹೇಳೋಣವೆಂದರೆ ಅವಳಿರಲಿಲ್ಲ.

ಈಗ ಬಿಚ್ಚಿದ್ದನ್ನು ಮುಚ್ಚಬೇಕು. ನಿನ್ನ ಕೂಸಿನ ಅಂಗಿಯನ್ನು ಇದ್ದಲ್ಲೇ ಇಟ್ಟಿದ್ದೇನೆ. ಅದರ ಜೊತೆ ಚಿಗರಿಯದೂ ಏನಾದರೂ ಇಡೋಣವೆಂದು ಮನೆಯೆಲ್ಲ ಜಾಲಾಡಿದೆ. ಒಂದು ನೂಲೂ ಸಿಗಲಿಲ್ಲ. ನಿನಗಾದರೆ ಅಳಲು ಒಂದು ಅಂಗಿಯಾದರೂ ಇತ್ತು. ಹೊಟ್ಟೆಕಿಚ್ಚಾಗುತ್ತದೆ, ಆಯಿ, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ಒಂದು ಬೇಡಿಕೆ. ನೀನು ಆ ಅಂಗಿಯನ್ನು ಒಳಗಿಡುವಾಗ ಅದರ ಪಕ್ಕದಲ್ಲಿ ನಿನ್ನ ಹಳೆ ಸೀರೆಯದೊಂದು ತುಂಡು ಮಡಿಸಿಡು. ಗೇಣುದ್ದ ಸಾಕು. ಚಿಗರಿ ಅಂತ ಹೆಸರು ಹೇಳಿ ಇಡು.

ಬಿಚ್ಚಿದಾಗ ಅಂಗಿಯ ಸುತ್ತಮುತ್ತ ತಡವಿ ನೋಡಿದ್ದೆ. ಏನೂ ಇರಲಿಲ್ಲ. ಅಂದರೆ ಈ ಕಾಗದ ನಿನಗೆ ಮುಟ್ಟಿಲ್ಲ. ಆದರೂ ಬಾಯಿ ಹೊಲಿಯುವ ಮೊದಲು ಇನ್ನೊಮ್ಮೆ ಕೈಹಾಕಿ ನೋಡುತ್ತೇನೆ.

ಚಿಗರಿಯ ಅವ್ವ,
ಸಂಕವ್ವ