ಬಾನೆಟ್ಟಿನ ಎಡ ಅಂಚು

ಶೆಡ್ಡಿನ ಮೇಲಿನ ಕೋಣೆ,
ಹದಿನೇಳನೆಯ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೇಕರಿಯ ಹಿಟ್ಟಿನ ಧೂಳಿಗೆ ಕೆಮ್ಮು ಬರುತ್ತಿದೆ ಅಂದಿದ್ದೆ, ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೋ ಅಂದರೆ ನೀನು ಕೇಳುವ ಪೈಕಿ ಅಲ್ಲ. ಇಲ್ಲಿ ಕಾರು ಪಾಲಿಶ್ ಮಾಡುವ ಧೂಳಿನಲ್ಲೂ ಹಾಗೇ ಓಡಾಡುತ್ತಿದ್ದೆ, ಸಂಜೆ ನಿನ್ನ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಗಟ್ಟಿಯಾಗಿದ್ದೇನೆ, ಸೊಂಟ ಮಾತ್ರ ಆಗಾಗ ಹಿಡಿದುಕೊಳ್ಳುತ್ತದೆ. ಅಪ್ಪನಿಗೆ ಎಪ್ಪತ್ತೊಂದು ತುಂಬಿತು. ಮಂಡಿ ನೋವಿದೆ. ಕಿವಿ ತಮಗೆ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಏನಾದರೊಂದು ಹೇಳಿ ನಗಿಸಿಬಿಡುತ್ತೀಯ, ನಾನು ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯುತ್ತದೆ. ಈ ಸಲ ಹಾಗಾಗಬಾರದು ಅಂತ ಕಾಗದ ತೆಗೆದುಕೊಂಡು ಕೂತಿದ್ದೇನೆ.

ಆ ಕಾರು ಮತ್ತೆ ಬಂದಿದೆ. ಯಾವ ಕಾರು ಅಂತ ನೀನು ಕೇಳುವುದಿಲ್ಲ ಬಿಡು. ನಮ್ಮ ಶೆಡ್ಡಿಗೆ ಈವರೆಗೆ ಬಂದ ಎರಡು ಬಾಗಿಲಿನ ಕರಿ ಸ್ಪೋರ್ಟ್ಸ್ ಕಾರು ಅದೊಂದೇ, ನಿನ್ನನ್ನು ಈ ಮನೆಯಿಂದ ಆಚೆ ಕಳಿಸಿದ್ದೂ ಅದೇ. ಅದರ ಯಜಮಾನರು ತೀರಿಕೊಂಡರಂತೆ. ಅವರ ಸೋದರ ಸೊಸೆ, ಹಲ್ಲಿನ ಡಾಕ್ಟರು, ಮಾವನ ಕಾರನ್ನು ಮಾರಲು ಮನಸ್ಸಾಗದೆ ನಮ್ಮಲ್ಲಿಗೆ ಎಳೆಸಿಕೊಂಡು ಬಂದಿದ್ದಾರೆ. ಹನ್ನೊಂದು ವರ್ಷ ಟಾರ್ಪಾಲಿನ ಕೆಳಗೆ ನಿಂತಿತ್ತು. ಗಾಳಿಗೆ ಟಾರ್ಪಾಲು ಉಜ್ಜಿ ಉಜ್ಜಿ ಮೈಯೆಲ್ಲ ಹಳೇ ಸ್ಲೇಟಿನ ಹಾಗಾಗಿತ್ತು. ಕಾರನ್ನು ಒಳಗೆ ತಳ್ಳುವಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಹಾಗೇ ಒಳಗೆ ಹೋಗಿ ಪೇಪರ್ ಬಿಡಿಸಿಕೊಂಡು ಕೂತರು. ನೀನು ಹೋದ ದಿನದಿಂದ ಹದಿನಾಲ್ಕು ವರ್ಷ ಅವರು ನಿನ್ನ ಸುದ್ದಿ ಎತ್ತಿಲ್ಲ, ಅದು ನಿನಗೂ ಗೊತ್ತು. ‘ತಮ್ಮ ಫೋನ್ ಮಾಡಿದ್ದ’ ಅಂತ ನಾನು ಎಷ್ಟು ಸಲ ಅಂದರೂ ಅಷ್ಟು ಸಲ ಅದೇ ಪೇಪರು.

ಕಾರನ್ನು ತೊಳೆಯುವಾಗ ಹಳೆಯದೆಲ್ಲ ನೆನಪಾಯಿತು. ಅಮ್ಮ ಹೋದ ಮೇಲೆ ನಾವು ಮೂವರೂ ಶೆಡ್ಡಿನಲ್ಲೇ ಬದುಕಿದೆವಲ್ಲ. ಬೆಳಿಗ್ಗೆ ಶಟರ್ ಎತ್ತುವ ಸದ್ದು, ಎರಡು ಬಕೆಟ್ಟು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಬಕೆಟ್ ಅದಲು ಬದಲು ಮಾಡಿ ನೀನು ಬೈಸಿಕೊಳ್ಳದ ದಿನವಿರಲಿಲ್ಲ. ನನಗೆ ಬಟ್ಟೆ ಒಗೆಯುವ ಕೆಲಸ. ಒರೆಸುವ ಬಟ್ಟೆ ಒಗೆದು, ಒಣಗಿಸಿ, ಒಂದು ಮರಳಿನ ಕಣವೂ ಇಲ್ಲವೆಂದು ಕೆನ್ನೆಗೆ ಉಜ್ಜಿ ನೋಡಿ, ಮಡಿಸಿಡಬೇಕು. ಆರು ವರ್ಷ ಅದನ್ನೇ ಮಾಡಿದೆ. ಪಾಲಿಶ್ ಮಷೀನು ಹುಡುಗಿಯರ ಕೆಲಸ ಅಲ್ಲ ಅಂತ ಅಪ್ಪ ಹಟ ಹಿಡಿದಿದ್ದರು. ನೀನು ದಿನಾ ಊಟಕ್ಕೆ ಕೂತಾಗ ನನ್ನ ಪರವಾಗಿ ವಕಾಲತ್ತು ಮಾಡುತ್ತಿದ್ದೆ, ಬಾಯಲ್ಲಿ ಅನ್ನ ತುಂಬಿಕೊಂಡು. ಎರಡು ತಿಂಗಳಾದ ಮೇಲೆ ಅಪ್ಪ ಬೇಸತ್ತು ಒಪ್ಪಿದರು. ಆದರೆ ಬಿಳಿ ಕಾರು ಮಾತ್ರ. ‘ಬಿಳೀದರ ಮೇಲೆ ನೂರು ಗೀರಿದ್ರೂ ಯಾರ ಕಣ್ಣಿಗೂ ಬೀಳಲ್ಲ. ಕರೀದು ಹಾಗಲ್ಲ. ಕರೀದನ್ನ ಮುಟ್ಟಿದ್ರೆ ಶೆಡ್ಡಿನಿಂದ ಆಚೆ’ ಅಂದಿದ್ದರು. ಅದಾಗಿ ಐದನೇ ದಿನ ಈ ಕಾರು ಬಂತು. ನನಗೆ ಇಪ್ಪತ್ತೆರಡು, ನಿನಗೆ ಹತ್ತೊಂಬತ್ತು.

ಆ ದಿನದ ಕಥೆ ನಮಗಿಬ್ಬರಿಗೂ ಗೊತ್ತಿರುವುದೇ. ಬಾನೆಟ್ಟಿನ ಎಡ ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಮಷೀನು ಅಲ್ಲಿ ಒಂದು ಉಸಿರು ಹೆಚ್ಚು ನಿಂತಿತು, ಬಣ್ಣ ಸುಟ್ಟು ಅಡಿಯ ಬೂದಿ ಬಣ್ಣ ಬೆರಳುದ್ದ ಹೊರಗೆ ಬಂತು. ಅಪ್ಪ ಬಂದರು, ಬೆನ್ನಿಗೇ ಆ ಯಜಮಾನರೂ ಬಂದರು. ‘ಯಾರು ಮಾಡಿದ್ದು?’ ಅಂತ ಅಪ್ಪ ಕೇಳಿದರು. ‘ನನ್ನ ಕೈ ತಪ್ಪಿತು ಅಪ್ಪ’ ಅಂದೆ ನೀನು. ಪರರೆದುರು ಅಪ್ಪ ಆಡಿದ ಮಾತನ್ನು ನಾನು ಮರೆತಿಲ್ಲ, ನೀನೂ ಮರೆತಿರಲಾರೆ. ‘ಇನ್ಮೇಲೆ ನೀನು ಮಷೀನ್ ಮುಟ್ಟಬೇಡ.’ ನೀನು ಮುಟ್ಟಲಿಲ್ಲ, ವಾರ ಕಳೆಯುವಷ್ಟರಲ್ಲಿ ಬ್ಯಾಗ್ ತುಂಬಿಕೊಂಡು ಹೊರಟೂಬಿಟ್ಟೆ. ಬಸ್ ಸ್ಟಾಂಡಿನವರೆಗೆ ನಾನು ಬಂದೆ. ದಾರಿಯುದ್ದಕ್ಕೂ ನೀನು ತಮಾಷೆ ಮಾಡುತ್ತಿದ್ದೆ, ನಾನು ಅಳುತ್ತಿದ್ದೆ.

ಈಗ ಕರಿ ಕಾರು ಅಂದರೆ ಈ ಪೇಟೆಯವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ ಅಂದರೆ ನಂಬುತ್ತೀಯಾ? ‘ಕರಿ ಅಕ್ಕ’ ಅಂತ ಹೆಸರಿಟ್ಟಿದ್ದಾರೆ, ಮೊದಮೊದಲು ಮುನಿಸು ಬರುತ್ತಿತ್ತು. ಈ ಕಾರಿಗೆ ಹದಿನಾರು ದಿನ ಹಿಡಿಯಿತು. ಮೊದಲು ನೀರು ಹಾಯಿಸಿ ಧೂಳನ್ನು ನೆನೆಸಿದೆ, ಒಣಗಿದ ಧೂಳನ್ನು ಒರೆಸಿದರೆ ಇನ್ನಷ್ಟು ಗೀರು. ಆಮೇಲೆ ಕ್ಲೇ. ನೀನು ದಿನವೂ ನಾದುವ ಹಿಟ್ಟಿನಷ್ಟೇ ಮೆತ್ತಗಿನ ಉಂಡೆ, ಅದನ್ನು ಒದ್ದೆ ಮೈಮೇಲೆ ಆಡಿಸುತ್ತಾ ಹೋದರೆ ಹತ್ತಿಕೊಂಡ ಕೊಳೆಯೆಲ್ಲ ಉಂಡೆಗೆ ಬರುತ್ತದೆ. ಅಂಚಂಚಿಗೂ ಟೇಪು ಅಂಟಿಸಿದೆ. ಎಲ್ಲ ಅಂಚಿಗೂ ಒಂದೊಂದು ಸುತ್ತು, ಆ ಎಡ ಅಂಚಿಗೆ ಮೂರು ಸುತ್ತು. ಆಮೇಲೆ ಮಷೀನು, ಒಂದು ಸಲಕ್ಕೆ ಒಂದು ಮೊಳ ಜಾಗ, ಮೊದಲು ಒರಟು ಪಾಲಿಶ್, ಆಮೇಲೆ ನಯದ್ದು. ದೀಪ ಹಿಡಿದು ನೋಡು, ಬಿಸಿಲಿಗೆ ತಂದು ನೋಡು, ಮತ್ತೆ ಒಳಗೆ ತಗೊ. ಒಂಬತ್ತನೇ ದಿನ ಕಾರಿನ ಬಾಗಿಲ ಮೇಲೆ ಶೆಡ್ಡಿನ ಕಿಟಕಿ, ಕಿಟಕಿಯಾಚೆಯ ತಂತಿ, ತಂತಿಯ ಮೇಲೆ ಕೂತ ಕಾಗೆ ಕೂಡ ಕಂಡಿತು. ನನಗೆ ನಿನ್ನನ್ನು ಕೂಗಿ ಕರೆಯಬೇಕೆನಿಸಿತು. ಎಷ್ಟು ವರ್ಷವಾದರೂ ಒಳ್ಳೆ ಕೆಲಸವಾದಾಗ ಹಾಗನ್ನಿಸುತ್ತದೆ.

ಮೊನ್ನೆಯವರೆಗೆ ಅಪ್ಪ ಕಾರಿನ ಹತ್ತಿರ ಸುಳಿದಿರಲಿಲ್ಲ. ನಿನ್ನೆ ಬೆಳಿಗ್ಗೆ ತಾವೇ ಸ್ಟೂಲು ಎಳೆದುಕೊಂಡು ಬಂದರು. ಕಣ್ಣು ಮಂಜಾಗಿರುವುದರಿಂದ ಈಗ ಕೈಯಿಂದಲೇ ನೋಡುತ್ತಾರೆ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಬಣ್ಣದ ಮೇಲೆ ಆಡಿಸಿದರೆ ಸಣ್ಣ ತರಿಯೂ ಬೆರಳಿಗೆ ಸಿಗುತ್ತದೆ, ನಮಗೆ ಕಲಿಸಿಕೊಟ್ಟವರು ಅವರೇ ಅಲ್ಲವೇ. ಚೀಲ ಹಾಕಿಕೊಂಡು ಛಾವಣಿಯಿಂದ ಶುರುಮಾಡಿ ಬಾನೆಟ್ಟಿಗೆ ಬಂದರು. ಎಡ ಅಂಚಿಗೆ ಬಂದ ಕೈ ಅಲ್ಲೇ ನಿಂತಿತು. ಆಗ ಸುಟ್ಟ ಜಾಗಕ್ಕೆ ಪೇಂಟರು ಹಚ್ಚಿದ ತೇಪೆ ಕಣ್ಣಿಗೆ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ, ಕೈಗೆ ಎಲ್ಲಿದ್ದರೂ ಸಿಗುತ್ತದೆ. ಆಮೇಲೆ, ‘ಅವನ ಕೈ ಬಹಳ ಹಗುರ ಕಣೇ. ನನಗಿಂತ ಹಗುರ. ಅವತ್ತು ಯಾಕೆ ಹಾಗಾಯ್ತೋ, ಇವತ್ತಿಗೂ ತಿಳೀಲಿಲ್ಲ’ ಅಂದರು. ನಾನು ಬಟ್ಟೆ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಶನಿವಾರ ಡಾಕ್ಟರಮ್ಮ ಕಾರು ತೆಗೆದುಕೊಂಡು ಹೋಗುತ್ತಾರೆ. ತೇಪೆಯನ್ನು ಹಾಗೇ ಬಿಟ್ಟಿದ್ದೇನೆ, ಅವರಿಗೂ ತೋರಿಸಿ ಹೇಳಿದ್ದೇನೆ. ನಿನಗೆ ಒಂದು ಫೋಟೋ ಇಟ್ಟಿದ್ದೇನೆ, ಬೇಕರಿಯವರಿಗೆಲ್ಲ ತೋರಿಸು, ನಮ್ಮಕ್ಕ ಮಾಡಿದ್ದು ಅನ್ನು. ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಡಾಕ್ಟರಿಗೆ ತೋರಿಸು, ತಲೆಗೂದಲು ಹೋಗುತ್ತಿದೆ ಅಂತ ಕೊರಗಬೇಡ, ಅಪ್ಪನಿಗೂ ನಿನ್ನ ವಯಸ್ಸಿಗೇ ಹೋಗಿದ್ದು. ನೂರು ಕಾಲ ಚೆನ್ನಾಗಿರು ಮರಿ.

ನಿನ್ನ ಬಗ್ಗೆ ದಿನವೂ ಯೋಚಿಸುವ,
ಅಕ್ಕ

ತಾ.ಕ.: ಶುಕ್ರವಾರ ಬೆಳಿಗ್ಗೆ, ಅಂಚೆಗೆ ಹಾಕುವ ಮೊದಲು, ಅವಸರದಲ್ಲಿ. ನಿನ್ನೆ ಬರೆದದ್ದನ್ನು ಓದಿಕೊಂಡೆ. ಇಷ್ಟುದ್ದ ಬರೆದರೂ ಆ ಮಷೀನನ್ನು ಯಾರು ಹಿಡಿದಿದ್ದರು ಅಂತ ಮಾತ್ರ ಬರೆದಿಲ್ಲ. ನನಗೇ ಅಸಹ್ಯವಾಯಿತು. ನೆಟ್ಟಗೆ ಕೆಳಗಿಳಿದು ಹೋಗಿ ಅಪ್ಪನಿಗೆ ಹೇಳಿದೆ. ನೀನು ಟೀ ತರಲು ಹೋದ ಹತ್ತು ನಿಮಿಷದಲ್ಲಿ ಕರಿ ಬಣ್ಣದ ಆಸೆಗೆ ಮಷೀನು ಹಿಡಿದವಳು ನಾನು, ಸುಟ್ಟವಳು ನಾನು, ನೀನು ಬಂದು ನನ್ನ ಮುಖ ನೋಡಿ ಮಷೀನನ್ನು ಕಿತ್ತುಕೊಂಡೆ, ನನ್ನನ್ನು ಶೆಡ್ಡಿನಿಂದ ಆಚೆ ಹಾಕಬಾರದೆಂದು ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡೆ ಅಂತ. ಬಾಯಿ ಮುಚ್ಚಿಕೊಂಡು ಹದಿನಾಲ್ಕು ವರ್ಷ ನಿನ್ನ ಜಾಗದಲ್ಲಿ ನಿಂತು ಹೆಸರು ಮಾಡಿಕೊಂಡೆ ಅಂತಲೂ ಹೇಳಿದೆ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಿಂಡಿ ಮುಟ್ಟಲಿಲ್ಲ. ಈಗ ಆ ಮಂಡಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದು ನಿನ್ನ ನಂಬರು ಬರೆಸಿಕೊಂಡು ಹೋದರು, ದೊಡ್ಡ ದೊಡ್ಡ ಅಂಕಿಯಲ್ಲಿ. ಕಾಗದ ಮೊದಲು ಮುಟ್ಟಲಿ, ಆಮೇಲೆ ಇಪ್ಪತ್ತೇಳನೆಯ ತಾರೀಕು ಭಾನುವಾರ ಮಾಡುತ್ತಾರಂತೆ. ನನ್ನ ಮೇಲಿನ ಸಿಟ್ಟನ್ನು ಎಷ್ಟು ದಿನ ಬೇಕಾದರೂ ಇಟ್ಟುಕೋ, ಅದು ನಿನ್ನ ಹಕ್ಕು. ಆದರೆ ಆ ಭಾನುವಾರ ಫೋನ್ ತೆಗೆದುಕೋ. ‘ಅವನು ಹಲೋ ಅಂದ ಮೇಲೆ ನಾನು ಏನನ್ನಲಿ?’ ಅಂತ ಮೂರು ಸಲ ಕೇಳಿದರು. ಆ ಕಡೆಯಿಂದ ಏನೂ ಕೇಳಿಸದಿದ್ದರೆ ಕಟ್ ಮಾಡಬೇಡ. ಅಪ್ಪ ಅಲ್ಲೇ ಇರುತ್ತಾರೆ.